ಪಿಯೆ ರಾಜನ ಮಂಚ

ಅವರು ಸತ್ತದ್ದು ಏಳನೆಯ ನಂಬರಿನ ಕೆಳಗೆ. ಏಳನೆಯ ನಂಬರು ಅಂದರೆ ವಾರ್ಡಲ್ಲ, ಕೋಣೆಯಲ್ಲ, ಬೆಡ್ ಕೂಡ ಅಲ್ಲ. ಎಮರ್ಜೆನ್ಸಿ ವಿಭಾಗದಿಂದ ಎಕ್ಸ್‌ರೇ ಕಡೆಗೆ ಹೋಗುವ ಕಾರಿಡಾರಿನ ಗೋಡೆಗೆ ಅಂಟಿಸಿದ ಅಂಗೈಯಗಲದ ನೀಲಿ ಸ್ಟಿಕರ್. ಅದರ ಕೆಳಗೆ ರೋಗಿ ಮಲಗುವ ಒಂದು ಟ್ರಾಲಿ. ಟ್ರಾಲಿಯ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಾಫಿ ಹಿಡಿದು ಓಡಾಡುವ ಜನ. ಅದೇ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ವಯಸ್ಸಾದವರ ಡಾಕ್ಟರಾಗಿ ದುಡಿದು, ಕನ್ಸಲ್ಟೆಂಟ್ ಆಗಿ ನಿವೃತ್ತರಾದ ಮನುಷ್ಯ ಅಲ್ಲಿ, ಜನ ನಡೆದಾಡುವ ದಾರಿಯಲ್ಲಿ, ಪ್ರಾಣ ಬಿಟ್ಟರು.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಸ್ಟಾಕ್‌ಪೋರ್ಟಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ ಅಂದರೆ ಸಾಕು. ಹೆಸರು ಹೇಳಿದರೆ, ಓಹೋ ಅಲ್ಲಿ ಮಾತ್ರ ಹಾಗಂತೆ ಎಂದು ಓದುವವರು ನೆಮ್ಮದಿಯಾಗಿ ಟೀ ಕುಡಿಯುತ್ತಾರೆ. ಅದು ನನಗೆ ಬೇಡ. ಅವರ ಹೆಸರನ್ನೂ ಹೇಳುವುದಿಲ್ಲ. ಆ ಹೆಸರಿನ ವಿಷಯದಲ್ಲಿ ಅವರ ಹೆಂಡತಿಯ ಮಾತು ಒಂದಿದೆ, ಅದು ಆಮೇಲೆ ಬರುತ್ತದೆ. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಇಲ್ಲಿ, ಇಂಗ್ಲಿಷರ ನಾಡಿನಲ್ಲಿ, ಯಾರೂ ಯಾರಿಗೂ ಸರ್ ಅನ್ನುವುದಿಲ್ಲ. ಧಾರವಾಡದಲ್ಲಿ ಓದಿ ಬಂದವಳ ಬಾಯಿ ಕೇಳಬೇಕಲ್ಲ.

ಅವರು ಸುಡಾನಿನವರು. ಉದ್ದಕ್ಕೆ, ಸಣ್ಣಗೆ, ಬಾಗಿಲಿನಲ್ಲಿ ಸ್ವಲ್ಪ ತಲೆ ತಗ್ಗಿಸಿ ಬರುವ ಆಳು. ನಗುವಾಗ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು, ಸಿಟ್ಟು ಬಂದಾಗ ಮುಖ ಬಿಚ್ಚಿಕೊಳ್ಳುತ್ತಿತ್ತು. ಹೀಗಾಗಿ ಹೊಸದಾಗಿ ಬಂದವರಿಗೆ ಯಾವಾಗ ಹೆದರಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ನರ್ಸುಗಳ ಮೇಲೆ, ಟ್ರಾಲಿ ತಳ್ಳುವವರ ಮೇಲೆ, ನಮ್ಮಂಥ ಕಿರಿಯ ಡಾಕ್ಟರುಗಳ ಮೇಲೆ ಒಮ್ಮೆಯೂ ದನಿ ಎತ್ತಿದವರಲ್ಲ. ಅವರ ಸಿಟ್ಟು ಯಾವಾಗಲೂ ಮೇಲಕ್ಕೆ ಹತ್ತುತ್ತಿತ್ತು, ಮ್ಯಾನೇಜರುಗಳು ಕೂರುವ ಕಾರ್ಪೆಟ್ ಹಾಸಿದ ಮಹಡಿಯವರೆಗೆ. "ಕೆಳಗೆ ಇಳಿಯುವ ಸಿಟ್ಟು ಹೇಡಿಗಳದ್ದು" ಎನ್ನುತ್ತಿದ್ದರು.

ನಾನು ಅವರ ತಂಡಕ್ಕೆ ಸೇರಿದ ಮೊದಲ ದಿನ ಕಾರಿಡಾರಿನಲ್ಲಿ ರೌಂಡ್ಸು. ಆಗಿನ್ನೂ ಗೋಡೆಗೆ ನಂಬರು ಬಂದಿರಲಿಲ್ಲ. ಮೂರು ಟ್ರಾಲಿಗಳ ಮೇಲೆ ಮೂವರು ಮುದುಕರು. ಸರ್ ಮೊದಲನೆಯವರ ಕೈ ಹಿಡಿದು ಮಾತಾಡಿಸಿ, ಪರೀಕ್ಷಿಸಿ, ಹೊದಿಕೆ ಸರಿಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಹೃದಯದ ಬಡಿತದ ಬಗ್ಗೆ ಕೇಳುತ್ತಾರೆ ಎಂದುಕೊಂಡರೆ, ಕೇಳಿದ್ದು ಬೇರೆ.

"ನಿನಗೆ ಪಿಯೆ ಗೊತ್ತಾ?"

ನಾನು ಯಾವುದೋ ಹೊಸ ಔಷಧಿ ಇರಬೇಕು ಎಂದುಕೊಂಡೆ.

ಪಿಯೆ ಒಬ್ಬ ರಾಜ. ಈಜಿಪ್ಟಿನ ದಕ್ಷಿಣಕ್ಕೆ, ಇವತ್ತಿನ ಸುಡಾನಿನಲ್ಲಿ, ಕುಶ್ ಎಂಬ ರಾಜ್ಯವಿತ್ತು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಮಾತು. ಅಲ್ಲಿನ ಅರಸ ಪಿಯೆ ನೈಲ್ ನದಿಯಗುಂಟ ಇಳಿದು ಬಂದು ಈಜಿಪ್ಟನ್ನೇ ಗೆದ್ದ. ಒಂದು ಊರಿಗೆ ಮುತ್ತಿಗೆ ಹಾಕಿ, ಅಲ್ಲಿನ ದೊರೆ ಸೋತು ಶರಣಾದ ಮೇಲೆ, ಪಿಯೆಗೆ ಖಜಾನೆ ತೋರಿಸಿದರು, ಅಂತಃಪುರ ತೋರಿಸಿದರು. ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಲಾಯಕ್ಕೆ ಹೋದ. ಅಲ್ಲಿ ಕುದುರೆಗಳು ಹಸಿದು ಬಡಕಲಾಗಿ ನಿಂತಿದ್ದವು. ಆಗ ಅವನಿಗೆ ಬಂದ ಸಿಟ್ಟನ್ನು ಅವನೇ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾನೆ. ನೀನು ನನ್ನ ವಿರುದ್ಧ ಮಾಡಿದ ಎಲ್ಲ ತಪ್ಪಿಗಿಂತ ಈ ಕುದುರೆಗಳನ್ನು ಹಸಿವಿಗೆ ಹಾಕಿದ್ದು ನನಗೆ ಹೆಚ್ಚು ನೋವು ಕೊಟ್ಟಿತು ಎಂಬ ಅರ್ಥದ ಮಾತು ಅದರಲ್ಲಿದೆ.

"ಇದು ಲಾಯ. ಗೆದ್ದವರು ಮೊದಲು ಇಲ್ಲಿಗೆ ಬರಬೇಕು. ನಮ್ಮ ಮೇಲಿನ ಮಹಡಿಯವರು ಯಾರಾದರೂ ಬಂದಿದ್ದಾರಾ ನೋಡು" ಎಂದರು ಸರ್, ಕಾರಿಡಾರಿನ ಉದ್ದಕ್ಕೂ ಕೈ ತೋರಿಸಿ.

ಈ ಕಥೆಯನ್ನು ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹೊಸಬರು ಬಂದಾಗಲೆಲ್ಲ ಕುದುರೆಗಳು ಹಸಿಯುತ್ತಿದ್ದವು. ನಾವು ಹಳಬರು ಹಿಂದೆ ನಿಂತು ಆಕಳಿಸುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

ಪಿಯೆ ಅವರಿಗೆ ಪುಸ್ತಕದ ರಾಜನಲ್ಲ. ಅವನ ಸಮಾಧಿ ಇರುವುದು ಎಲ್-ಕುರ್ರು ಎಂಬಲ್ಲಿ. ಸರ್ ಹುಟ್ಟಿದ ಹಳ್ಳಿ ಅದರ ಮಗ್ಗುಲಲ್ಲೇ, ನೈಲ್ ದಂಡೆಯ ಖರ್ಜೂರದ ಮರಗಳ ನಡುವೆ. ಈಜಿಪ್ಟಿನ ದೊರೆಗಳು ಪಿರಮಿಡ್ ಕಟ್ಟುವುದನ್ನು ಬಿಟ್ಟು ಶತಮಾನಗಳೇ ಕಳೆದಿದ್ದಾಗ ಪಿಯೆ ತನ್ನ ಊರಿನಲ್ಲಿ ಒಂದನ್ನು ಕಟ್ಟಿಸಿಕೊಂಡ. ಪುಟ್ಟದು, ಚೂಪಾದದ್ದು. ಈಗ ಅದರ ಕಲ್ಲುಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದಾರೆ, ಒಂದು ದಿಬ್ಬದಷ್ಟು ಉಳಿದಿದೆ. ಸರ್ ಚಿಕ್ಕವರಿದ್ದಾಗ ಆ ದಿಬ್ಬದ ಮೇಲಿಂದ ಜಾರಿ ಚಡ್ಡಿ ಹರಿದುಕೊಂಡವರು. ಸ್ವಲ್ಪ ದೂರದಲ್ಲಿ ಕುದುರೆಗಳ ಸಮಾಧಿಗಳು. ಕುಶ್ ರಾಜರ ಮೆಚ್ಚಿನ ಕುದುರೆಗಳನ್ನು ಅಲ್ಲಿ ಮಣಿಸರ ತೊಡಿಸಿ, ನಿಂತ ಭಂಗಿಯಲ್ಲೇ ಹೂಳಿದ್ದರು.

ಆದರೆ ಸರ್‌ಗೆ ಮುಖ್ಯವಾದದ್ದು ಪಿರಮಿಡ್ಡೂ ಅಲ್ಲ, ಕುದುರೆಯೂ ಅಲ್ಲ. ಮಂಚ. ಪಿಯೆಯ ಸಮಾಧಿಯ ಒಳಕೋಣೆಯಲ್ಲಿ ಒಂದು ಕಲ್ಲಿನ ಕಟ್ಟೆ ಇದೆಯಂತೆ, ಅದರ ನಾಲ್ಕು ಮೂಲೆಗೆ ಮಂಚದ ಕಾಲು ಕೂರಲು ಕಡಿದ ಜಾಗ. ರಾಜನನ್ನು ಮಂಚದ ಮೇಲೆ ಮಲಗಿಸಿ ಕಳಿಸಿದ್ದರು.

"ಪಿರಮಿಡ್ ಅವನು ಈಜಿಪ್ಟಿನವರಿಂದ ತಗೊಂಡ, ದೇವರನ್ನೂ ತಗೊಂಡ, ಬರವಣಿಗೆಯನ್ನೂ ತಗೊಂಡ. ಮಂಚ ಮಾತ್ರ ಬಿಡಲಿಲ್ಲ. ಅದು ನಮ್ಮದು" ಎನ್ನುತ್ತಿದ್ದರು.

ಆ ಮಂಚ ಇವತ್ತಿಗೂ ಸುಡಾನಿನ ಮನೆಮನೆಯಲ್ಲಿದೆ. ಅಂಗರೇಬ್ ಅನ್ನುತ್ತಾರೆ. ಮರದ ಚೌಕಟ್ಟು, ಗಿಡ್ಡ ಕಾಲು, ನಡುವೆ ಹೆಣೆದ ಹಗ್ಗ. ನಮ್ಮ ಕಡೆಯ ಹೊರಸು, ಏನೂ ಬೇರೆಯಲ್ಲ. ಸ್ಟಾಕ್‌ಪೋರ್ಟಿನ ಅವರ ಮನೆಯ ಹಿತ್ತಲಿನಲ್ಲಿ ಅಂಥದ್ದೊಂದು ಇತ್ತು. ನೆಂಟರು ಯಾರೋ ಬಿಚ್ಚಿ ತಂದ ಕಟ್ಟಿಗೆಗಳನ್ನು ಜೋಡಿಸಿ, ಸರ್ ತಾವೇ ಕೂತು ಹಗ್ಗ ಬಿಗಿದಿದ್ದರು. ಏಪ್ರಿಲಿನಲ್ಲಿ ಒಂದು ಚೂರು ಬಿಸಿಲು ಬಿದ್ದರೆ ಸಾಕು, ಕೋಟು ಟೋಪಿ ಹಾಕಿಕೊಂಡೇ ಅದರ ಮೇಲೆ ಅಡ್ಡಾಗುತ್ತಿದ್ದರು. ಪಕ್ಕದ ಮನೆಯ ಬೆಕ್ಕು ಕೆಳಗೆ.

ಆ ಹಿತ್ತಲಿನಲ್ಲಿ ನಾನು ಮತ್ತು ನನ್ನ ಗಂಡ ಎಷ್ಟೋ ಭಾನುವಾರ ಊಟ ಮಾಡಿದ್ದೇವೆ. ಅವರ ಹೆಂಡತಿ ನಿವೃತ್ತ ಸೂಲಗಿತ್ತಿ ನರ್ಸು, ನಾನು ಆಂಟಿ ಅನ್ನುತ್ತಿದ್ದೆ. ಅವರು ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾಗದದಷ್ಟು ತೆಳ್ಳಗೆ ಕಿಸ್ರಾ ಮಾಡುತ್ತಿದ್ದರು. ನಾನು ಒಮ್ಮೆ ಜೋಳದ ರೊಟ್ಟಿ ಬಡಿದುಕೊಂಡು ಹೋದೆ. ಸರ್ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಮಗಳೇ, ಪಿಯೆಗೆ ಇದು ಸಿಕ್ಕಿದ್ದರೆ ಪಿರಮಿಡ್ಡಿಗೆ ಕಲ್ಲೇ ಬೇಕಾಗುತ್ತಿರಲಿಲ್ಲ."

ಅಂದೇ ನಾನು ನಮ್ಮ ಕಡೆಯ ಪದ್ಧತಿ ಹೇಳಿದ್ದು. ನಮ್ಮಲ್ಲಿ ಪ್ರಾಣ ಹೋಗುವ ಹೊತ್ತಿಗೆ ಮಂಚದಿಂದ ನೆಲಕ್ಕೆ ಇಳಿಸುತ್ತಾರೆ, ಮಂಚದ ಮೇಲೆ ಸಾಯಬಾರದು ಅನ್ನುತ್ತಾರೆ ಎಂದೆ. ಸರ್ ಎದ್ದು ಕೂತರು. ಸಾಯುವವನನ್ನು ಎಬ್ಬಿಸುತ್ತೀರಾ, ಇದೆಂಥ ಕ್ರೌರ್ಯ ಎಂದು ಜಗಳಕ್ಕೇ ಬಂದರು. ಇಳಿಸುವಾಗ ಮನೆಯವರೆಲ್ಲ ಸುತ್ತ ಇರುತ್ತಾರೆ, ತಲೆಯನ್ನು ಒಬ್ಬರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಒಬ್ಬೊಬ್ಬರೇ ಬಾಯಿಗೆ ನೀರು ಬಿಡುತ್ತಾರೆ ಎಂದು ವಿವರಿಸಿದೆ. "ಹಾಗಾದರೆ ನಿಮ್ಮಲ್ಲಿ ತೊಡೆಯೇ ಮಂಚ. ಸರಿ, ಒಪ್ಪಿದೆ" ಎಂದು ಮತ್ತೆ ಅಡ್ಡಾದರು.

ಊರಿಗೆ ಹೋಗಿ ಆ ದಿಬ್ಬ ಕಾಣುವ ಕಡೆ ಮಣ್ಣಾಗಬೇಕು ಎಂಬುದು ಅವರ ಆಸೆ. ಸುಡಾನಿನಲ್ಲಿ ಯುದ್ಧ ಶುರುವಾದ ಮೇಲೆ ಆ ಮಾತು ನಿಂತಿತು. "ಊರು ಹೋಯಿತು. ಮಂಚವಾದರೂ ಇದೆ. ಮಂಚದ ಮೇಲೆ ಸಾಯುತ್ತೇನೆ, ಮಂಚದ ಮೇಲೆ ಹೋಗುತ್ತೇನೆ. ಇಷ್ಟು ಸಾಕು" ಎಂದು ಒಮ್ಮೆ ನನ್ನೆದುರೇ ಆಂಟಿಗೆ ಹೇಳಿದರು. ಆಂಟಿ ಮೊದಲು ಚಹಾ ಕುಡಿ ಎಂದರು.

ಇನ್ನು ನಂಬರುಗಳ ಕಥೆ. ಕಾರಿಡಾರಿನ ಟ್ರಾಲಿಗಳು ಮೂರು ಇದ್ದದ್ದು ಗೋಡೆಯುದ್ದಕ್ಕೂ ಬೆಳೆದವು. ನಮ್ಮ ಡೆಪ್ಯುಟಿ ಮೆಡಿಕಲ್ ಡೈರೆಕ್ಟರು ಮೈಸೂರಿನವರು. ಯುಗಾದಿಯ ದಿನ ಬಾಡಿಗೆ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದಾಗ ತಾವೇ ನಿಂತು ಒಬ್ಬಟ್ಟು ಬಡಿಸುವ, ಬಲವಂತ ಮಾಡಿ ತುಪ್ಪ ಹಾಕುವ ಮನುಷ್ಯ. ಗೋಡೆಗೆ ನಂಬರ್ ಅಂಟಿಸುವ ಯೋಚನೆ ಅವರದ್ದು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೋಗಬಾರದು, ಯಾರು ಎಲ್ಲಿದ್ದಾರೆ ತಿಳಿಯಬೇಕು ಎಂದು ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ಅದಕ್ಕೇ ಅದು ಅಪಾಯ ಎಂದು ಸರ್ ಕುಣಿದಾಡಿದರು.

"ಇಷ್ಟು ದಿನ ಇಲ್ಲಿ ಮಲಗಿದವರು ನನ್ನ ಬೆಡ್ ಎಲ್ಲಿ ಅಂತ ಕೇಳುತ್ತಿದ್ದರು. ಇನ್ನು ನನ್ನ ನಂಬರ್ ಎಷ್ಟು ಅಂತ ಕೇಳುತ್ತಾರೆ. ಅಲ್ಲಿಗೆ ಮುಗೀತು."

ಅಂದಿನಿಂದ ರೌಂಡ್ಸ್ ಮುಗಿಸಿದ ಮೇಲೆ ಉಗುರಿನಿಂದ ಒಂದೊಂದೇ ಸ್ಟಿಕರ್ ಕೆರೆದು ಕಿತ್ತು, ಮ್ಯಾನೇಜರುಗಳ ಮಹಡಿಗೆ ಹೋಗಿ ಅವರ ಆಫೀಸಿನ ಬಾಗಿಲಿಗೆ ಅಂಟಿಸಿ ಬರುತ್ತಿದ್ದರು. ಮತ್ತೆ ಹೊಸ ಸ್ಟಿಕರ್ ಬರುತ್ತಿತ್ತು. ಮತ್ತೆ ಕೀಳುತ್ತಿದ್ದರು. ಒಂದು ದಿನ ಪ್ಯಾಂಟಿನ ಹಿಂದೆ ಹನ್ನೊಂದನೆಯ ನಂಬರ್ ಅಂಟಿಕೊಂಡಿದ್ದೂ ತಿಳಿಯದೆ ಇಡೀ ಕ್ಲಿನಿಕ್ ನಡೆಸಿದರು. ಎಚ್ಚರಿಕೆ ಕೊಟ್ಟರು, ಮೀಟಿಂಗಿಗೆ ಕರೆದರು. ನಿವೃತ್ತಿಯ ದಿನ ಕೇಕ್ ಕತ್ತರಿಸಿ, ಬಾಯಿ ಒರೆಸಿಕೊಂಡು, ನೇರ ಕಾರಿಡಾರಿಗೆ ಹೋಗಿ ಕೊನೆಯ ಸಲ ಎಲ್ಲವನ್ನೂ ಕಿತ್ತು ಮನೆಗೆ ಹೋದರು. ಮರುದಿನ ಬಂದ ಸ್ಟಿಕರುಗಳು ಪ್ಲಾಸ್ಟಿಕ್ಕಿನವು, ಅಂಟು ಗಟ್ಟಿ.

ಹೋದ ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಬಂದವರು ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದಾಗಲೂ ಟ್ರಾಲಿಯ ಮೇಲೇ ಇದ್ದರು, ಏಳನೆಯ ನಂಬರಿನ ಕೆಳಗೆ. ಆಳು ಟ್ರಾಲಿಗಿಂತ ಉದ್ದ, ಪಾದ ಹೊರಗೆ ಚಾಚಿಕೊಂಡಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆಂಟಿ. ಇನ್ನೊಂದು ಟ್ರಾಲಿ ಹಾದುಹೋಗುವಾಗಲೆಲ್ಲ ಅವರು ಎದ್ದು ಕುರ್ಚಿ ಎತ್ತಿಕೊಂಡು ಗೋಡೆಗೆ ಒತ್ತಿ ನಿಲ್ಲಬೇಕು. ಉಚ್ಚೆಗೆ ಬಾಟಲಿ ಕೊಟ್ಟಿದ್ದರು. ಅಡ್ಡ ಇಟ್ಟ ಸ್ಕ್ರೀನು ಒಂದು ಬದಿಯನ್ನಷ್ಟೇ ಮುಚ್ಚುತ್ತಿತ್ತು, ಇನ್ನೊಂದು ಬದಿಗೆ ಆಂಟಿ ತಮ್ಮ ಉಡುಪಿನ ಮೇಲೆ ಸುತ್ತಿಕೊಂಡಿದ್ದ ತೋಬ್ ಬಿಚ್ಚಿ, ಆ ಉದ್ದನೆಯ ಬಟ್ಟೆಯನ್ನು ಎರಡು ಕೈಯಲ್ಲಿ ಪರದೆಯ ಹಾಗೆ ಹಿಡಿದು ನಿಂತಿದ್ದರು.

"ಮಗಳೇ, ನನಗೆ ಬೆಡ್ ಬೇಕು" ಎಂದರು ಸರ್. ಉಸಿರು ಸಾಲುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಎಂಟನೆಯ ನಂಬರಿನವಳಿಗೂ ಬೇಕು. ನನ್ನದನ್ನು ಅವಳಿಗೆ ಕೊಡಿ ಅಂತ ಹೇಳುವ ದೊಡ್ಡ ಮನುಷ್ಯ ನಾನಲ್ಲ. ಇಬ್ಬರಿಗೂ ಕೊಡಿ."

ಬೆಡ್ ಮ್ಯಾನೇಜರಿನ ಹತ್ತಿರ ಹೋದೆ, ಆ ಹುಡುಗಿ ಅಳುವುದೊಂದು ಬಾಕಿ. ಮೂರು ವಾರ್ಡಿಗೆ ಹೋಗಿ ಕಾಲು ಹಿಡಿಯುವಷ್ಟು ಬೇಡಿದೆ. ಸಂಜೆಗೆ ಒಂದು ಖಾಲಿಯಾಗಬಹುದು ಅಂದರು. ಸರ್ ಸಂಜೆಯ ತನಕ ಕಾಯಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಆಂಟಿ ಆ ತೋಬನ್ನು ಅವರ ಮೇಲೆ ಪೂರ್ತಿ ಹೊದಿಸಿದ್ದರು. ಎಕ್ಸ್‌ರೇ ಕಡೆ ಹೋಗುತ್ತಿದ್ದ ಒಬ್ಬಾತ ಸ್ವಲ್ಪ ಜಾಗ ಬಿಡಿ ಎಂದು ಕೇಳಿ ದಾಟಿಹೋದ.

ನಾನು ಕಾರ್ಪೆಟ್ಟಿನ ಮಹಡಿಗೆ ಹತ್ತಿದೆ. ಮೈಸೂರಿನವರು ಎದ್ದು ನಿಂತು ಬಾಗಿಲು ಮುಚ್ಚಿದರು.

"ನೋಡಮ್ಮ, ನನಗೂ ಬೇಜಾರಾಗಿದೆ. ಆದ್ರೆ ಬೆಡ್ ಎಲ್ಲಿಂದ ತರ್ಲಿ ಹೇಳು? ಮಲಗಿರೋ ಇನ್ನೊಬ್ರನ್ನ ಎಬ್ಬಿಸ್ಲಾ?" ಎಂದರು. ಆಮೇಲೆ ಸಮಾಧಾನ ಮಾಡಲು ಹೊರಟರು. "ಇಷ್ಟಕ್ಕೂ ನಮ್ಮಲ್ಲೇ ಕೊನೆಗಾಲದಲ್ಲಿ ಮಂಚದಿಂದ ನೆಲಕ್ಕೆ ಇಳಿಸ್ತಾರಲ್ವಾ? ಹಾಸಿಗೆ ಮೇಲೆ ಪ್ರಾಣ ಹೋಗ್ಬಾರ್ದು ಅಂತಾನೇ ತಾನೆ? ಬೆಡ್ಡೇ ಎಲ್ಲಾ ಅಲ್ಲಮ್ಮ. ಕೇರ್ ಮುಖ್ಯ."

ಅವರ ಜೊತೆ ನಾನು ಯಾವಾಗಲೂ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದೆ, ಇಲ್ಲಿ ಎಲ್ಲರೂ ಆಡುವ ಹಾಗೆ. ಆ ದಿನ ಅದು ಬಾಯಿಗೆ ಬರಲಿಲ್ಲ.

"ನೆಲಕ್ಕ ಇಳಸೂದು ಅಂದ್ರ ಬಿಟ್ಟು ಹೋಗೂದಲ್ರಿ. ನಮ್ಮಜ್ಜನ್ನ ಇಳಿಸಿದಾಗ ಅವರ ತಲಿ ನಮ್ಮಪ್ಪನ ತೊಡಿ ಮ್ಯಾಲಿತ್ತು. ಬಾಯಾಗ ನೀರು ಬಿಡಾಕ ಮಂದಿ ಸಾಲು ಹಚ್ಚಿದ್ರು. ಇಲ್ಲಿ ಯಾರು ಬಿಟ್ರಿ ನೀರು? ಆ ಗೋಡಿ ಬಿಡ್ತೇನ್ರಿ? ನಮ್ಮ ಮಂದಿ ಪದ್ಧತಿ ತಂದು ಈ ಹೊಲಸಿಗೆ ಹೊದಸಬ್ಯಾಡ್ರಿ."

ಅವರು ಇಂಗ್ಲಿಷಿಗೆ ತಿರುಗಿದರು. ನಾನು ಆಯಾಸಗೊಂಡಿದ್ದೇನೆ, ಒಂದೆರಡು ದಿನ ರಜೆ ತೆಗೆದುಕೊಳ್ಳಬೇಕು ಎಂದರು.

ಮಸೀದಿಯಲ್ಲಿ ನಮಾಜು ಮುಗಿಸಿ ಸರ್ ಅವರನ್ನು ಸ್ಮಶಾನಕ್ಕೆ ತಂದರು. ಶವಪೆಟ್ಟಿಗೆಯಲ್ಲೇ ಗುಂಡಿಯವರೆಗೆ ಹೋಗಬೇಕು ಎಂದು ಅಲ್ಲಿನ ಮನುಷ್ಯ ಏನೋ ನಿಯಮ ಹೇಳತೊಡಗಿದ. ಅಷ್ಟರಲ್ಲಿ ಸುಡಾನಿನ ಗೆಳೆಯರು ವ್ಯಾನಿನಿಂದ ಹಿತ್ತಲಿನ ಅಂಗರೇಬ್ ಇಳಿಸಿ, ಅವರನ್ನು ಅದರ ಮೇಲೆ ಮಲಗಿಸಿ, ಹೆಗಲಿಗೆ ಎತ್ತಿಕೊಂಡು ನಡೆದುಬಿಟ್ಟಿದ್ದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಹೆಂಗಸರು ಗುಂಡಿಯ ಹತ್ತಿರ ಹೋಗುವ ರೂಢಿ ಅವರಲ್ಲಿಲ್ಲ. ನಾನು ಆಂಟಿಯ ಜೊತೆ ದೂರದಲ್ಲಿ ಬೇಲಿಯ ಪಕ್ಕ ನಿಂತೆ. ಅಷ್ಟು ಉದ್ದದ ಮನುಷ್ಯನಿಗೆ ಆ ಮಂಚ ಸರಿಯಾಗಿ ಹೊಂದಿತ್ತು, ಪಾದ ಹೊರಗೆ ಚಾಚಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಂಚ ಖಾಲಿಯಾಗಿ ವಾಪಸ್ ಬಂತು.

"ಪಿಯೆಯ ಹಾಗೆ ಮಂಚವನ್ನೂ ಜೊತೆಗೆ ಕಳಿಸಬಹುದಿತ್ತು ಆಂಟಿ" ಎಂದೆ.

"ರಾಜರಿಗೆ ಸರಿ" ಎಂದರು ಆಂಟಿ. "ನಾವು ವಾಪಸ್ ತರುತ್ತೇವೆ. ಇನ್ನೊಬ್ಬರಿಗೆ ಬೇಕಾಗುತ್ತದೆ."

ಮೂರನೆಯ ದಿನ ಮೈಸೂರಿನವರು ಹೂವು ಹಿಡಿದು ಅವರ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದೆ, ಬಾಗಿಲು ತೆರೆದೇ ಇತ್ತು. ಆಂಟಿ ಅವರನ್ನು ಕುರ್ಚಿಯಲ್ಲಿ ಕೂರಿಸಲಿಲ್ಲ. ಗೋಡೆಗೆ ತಾಗಿಸಿ ಇಟ್ಟಿದ್ದ ಅಂಗರೇಬ್ ತೋರಿಸಿದರು. ಅವರು ಕೂತರು, ಹಗ್ಗ ಕುಸಿದು ಮೊಣಕಾಲು ಎದೆಗೆ ಬಂತು. ಆ ಸ್ಥಿತಿಯಲ್ಲೇ ತಾವು ತಂದ ಸುದ್ದಿ ಹೇಳಿದರು. ಕಾರಿಡಾರಿನಲ್ಲಿ ಇನ್ನು ಮೇಲೆ ಕಾಯಂ ನರ್ಸುಗಳು ಇರುತ್ತಾರೆ, ಪ್ರತಿ ನಂಬರಿಗೂ ಒಂದು ದೀಪ, ಒಂದು ಪ್ಲಗ್ಗು, ಒಂದು ಕರೆಗಂಟೆ. ಅದಕ್ಕೆ ಸರ್ ಅವರ ಹೆಸರಿಡಬೇಕೆಂದು ಎಲ್ಲರ ಆಸೆ. ಗೋಡೆಯ ಮೇಲೆ ಹಿತ್ತಾಳೆಯ ಫಲಕ.

ಆಂಟಿ ಪೂರ್ತಿ ಕೇಳಿಸಿಕೊಂಡರು.

"ನೀವು ಕೂತಿರುವುದರ ಮೇಲೆ ಅವರು ಮೊನ್ನೆ ಮಲಗಿದ್ದರು" ಎಂದರು. ಮೈಸೂರಿನವರು ಏಳಲು ನೋಡಿದರು, ಹಗ್ಗ ಬಿಡಲಿಲ್ಲ. "ಒಂದು ವಾರ್ಡಿನಲ್ಲಿ, ಕಿಟಕಿಯ ಪಕ್ಕ, ಪರದೆ ಇರುವ ಒಂದೇ ಒಂದು ಬೆಡ್ಡಿಗೆ ಅವರ ಹೆಸರಿಡಿ. ಕಾರಿಡಾರಿನಲ್ಲಿ ಸಾಯುತ್ತಿರುವವರಿಗೆ ಅದನ್ನು ಕೊಡಿ. ಆಗುತ್ತದೆಯಾ?"

ಅದು ಬಹಳ ಕಷ್ಟ, ಅದಕ್ಕೆ ಬೇರೆ ಸಮಿತಿ ಇದೆ ಎಂದರು ಅವರು.

"ಹಾಗಾದರೆ ಹೆಸರು ಬೇಡ. ಆ ಗೋಡೆಯ ಮೇಲೆ ಅವರ ಹೆಸರು ಕಂಡರೆ ನಾನೇ ಬಂದು ಕೀಳುತ್ತೇನೆ. ಸಾವಿರಾರು ಮಕ್ಕಳನ್ನು ಹೊರಗೆಳೆದ ಕೈ ಇದು, ಹಿತ್ತಾಳೆ ಲೆಕ್ಕಕ್ಕಿಲ್ಲ."

ಫಲಕ ಬರಲಿಲ್ಲ. ದೀಪ, ಪ್ಲಗ್ಗು, ಗಂಟೆಗಳು ಬಂದವು. ನಂಬರುಗಳು ಇದ್ದೇ ಇದ್ದವು.

ನಾನು ಮತ್ತೆ ಡ್ಯೂಟಿಗೆ ಹೋದ ದಿನ ಏಳನೆಯ ನಂಬರಿನ ಕೆಳಗೆ ಒಬ್ಬ ಅಜ್ಜಿ ಇದ್ದರು. ಸೊಂಟದ ಮೂಳೆ ಮುರಿದಿತ್ತು, ಕೂದಲು ನೀಟಾಗಿ ಬಾಚಿಕೊಂಡಿದ್ದರು. ಅವರನ್ನು ನೋಡಿ ಮುಗಿಸಿ, ಯಾರ ಅಪ್ಪಣೆಗೂ ಕಾಯದೆ, ಸ್ಟಿಕರಿನ ಮೂಲೆಗೆ ಉಗುರು ಹಾಕಿದೆ. ಗಟ್ಟಿ ಅಂಟು, ಉಗುರು ಮುರಿಯಿತು. ಕೊನೆಗೆ ಕಿತ್ತುಕೊಂಡು ಬಂತು, ಗೋಡೆಯ ಬಣ್ಣದ ಸಮೇತ. ಸರ್ ಇದ್ದಿದ್ದರೆ ಮುಖ ಗಂಟಿಕ್ಕಿ ನಗುತ್ತಿದ್ದರು.

ಅಜ್ಜಿಯ ಮುಖ ಅರಳಿತು.

"ನನಗೆ ಬೆಡ್ ಸಿಕ್ತಾ, ಲವ್?" ಇಲ್ಲಿನ ಅಜ್ಜಿಯರಿಗೆ ಎಲ್ಲರೂ ಲವ್.

"ಇಲ್ಲ. ಇನ್ನೂ ಸಿಕ್ಕಿಲ್ಲ."

"ಹಾಗಾದ್ರೆ ಅದನ್ನ ಮತ್ತೆ ಅಲ್ಲೇ ಹಚ್ಚಿಬಿಡು. ಅದು ಇಲ್ದಿದ್ರೆ ನನ್ನ ಮರೆತುಬಿಡ್ತಾರೆ."

ಅವರು ಕೈ ಚಾಚಿದ್ದರು. ಹಚ್ಚಿದೆ. ಅಂಟು ಹೋಗಿತ್ತು, ನಿಲ್ಲಲಿಲ್ಲ. ಅಜ್ಜಿ ಮಲಗಿದಲ್ಲಿಂದಲೇ ತೋಳು ಮೇಲೆತ್ತಿ, ಹೆಬ್ಬೆರಳಿನಿಂದ ನಂಬರನ್ನು ಗೋಡೆಗೆ ಒತ್ತಿ ಹಿಡಿದರು.

ನಾನು ಬೆಡ್ ಹುಡುಕಲು ಓಡಿದೆ. ಬರಿಗೈಯಲ್ಲಿ ವಾಪಸ್ ಬಂದಾಗಲೂ ಅವರು ಹಾಗೆಯೇ ಒತ್ತಿ ಹಿಡಿದುಕೊಂಡಿದ್ದರು.